ಒಂದೇ ಮೇಜಿನ ಮೇಲೆ ದೂರದೂರದ ಕೆಂಪು ವೈನುಗಳು: ಹೋಲಿಕೆಯ ಅಳತೆಗೋಲು ಯಾರದು?

(ಗಡಿಯಾಚೆಯ ಕನ್ನಡಿಗರ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

  

ವಿಷಯದ ಹೆಸರು ಕೇಳಿ ಕೆಲವರು ನಕ್ಕಿರಬಹುದು. ವಿಚಾರಗೋಷ್ಠಿಯಲ್ಲಿ ವೈನಿನ ಮಾತು ಯಾಕೆ ಅಂತ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂತು. ಅಕ್ಕಲಕೋಟೆ ತಾಲೂಕಿನ ನಮ್ಮ ಮನೆಯಲ್ಲಿ ದ್ರಾಕ್ಷಿ ಬೆಳೀತಾರೆ, ಆದರೆ ಅದು ತಿನ್ನೋ ದ್ರಾಕ್ಷಿ, ಉಳಿದದ್ದು ಮಣೂಕಕ್ಕೆ. ವೈನಿಗೂ ನಮಗೂ ಸಂಬಂಧ ಇರಲಿಲ್ಲ. ಆದರೆ ನಮ್ಮದೇ ಜಿಲ್ಲೆಯ ಮಾಳಶಿರಸ ತಾಲೂಕಿನಲ್ಲಿ, ಅಕಲೂಜದ ಸುತ್ತ, ಇಟಲಿಯ ತಳಿಗಳನ್ನು ಹಾಕಿ ಕೆಂಪು ವೈನ್ ಮಾಡ್ತಿದ್ದಾರೆ. ಆ ವೈನಿನ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗ್ತದೆ: "ಫ್ರಾನ್ಸಿಂದಕ್ಕೆ ಸಮ ಆಗ್ತದೇನು?" ಈ ಪ್ರಶ್ನೆ ತಪ್ಪು ಅಂತ ನಾನು ಹೇಳ್ತಿಲ್ಲ. ಅರ್ಧ ಪ್ರಶ್ನೆ ಅಂತ ಹೇಳ್ತೀನಿ. ಯಾವ ಕೋಲಿನಿಂದ ಅಳೆದು ಸಮ ಅನ್ನಬೇಕು ಅನ್ನೋದು ಅದರಲ್ಲಿ ಬಿಟ್ಟುಹೋಗಿದೆ. ನಮ್ಮ ಕನ್ನಡವನ್ನು ಕೇಳಿ "ಧಾರವಾಡದ ಹಂಗ ಇಲ್ಲಲ್ಲ" ಅನ್ನೋ ಮಾತನ್ನು ಈ ಸಭೆಯಲ್ಲಿ ಕೇಳದವರು ಯಾರೂ ಇರಲಿಕ್ಕಿಲ್ಲ. ಅದಕ್ಕೇ ಈ ವಿಷಯ ಇಲ್ಲಿ ಎತ್ತಬಹುದು ಅನ್ನಿಸಿತು. ಆ ಹೋಲಿಕೆಯನ್ನು ಇಷ್ಟಕ್ಕೇ ಬಿಟ್ಟು ವೈನಿಗೆ ಬರ್ತೀನಿ.

ಮೊದಲು ಒಂದು ಮೂಲ ಸಂಗತಿ. ತಿನ್ನೋ ದ್ರಾಕ್ಷಿ ಬೇರೆ, ವೈನಿನ ದ್ರಾಕ್ಷಿ ಬೇರೆ. ನಮ್ಮ ಕಡೆಯ ಥಾಮ್ಸನ್, ನಮ್ಮ ಜಿಲ್ಲೆಯ ನಾನ್ನಜದಲ್ಲೇ ಹುಟ್ಟಿದ ಸೋನಾಕಾ, ಇವೆಲ್ಲ ಬೀಜ ಇಲ್ಲದ, ತೆಳು ಸಿಪ್ಪೆಯ, ರಸ ತುಂಬಿದ ಹಣ್ಣುಗಳು. ವೈನಿನ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಾಯಿಗೆ ಹಾಕಿಕೊಂಡರೆ ಸಿಹಿ ಇದ್ದೇ ಇರ್ತದೆ, ಆದರೆ ಅಗಿದು ಮುಗಿಯೋದಿಲ್ಲ. ಬಹುತೇಕ ಎಲ್ಲ ಕಪ್ಪು ದ್ರಾಕ್ಷಿಗಳ ರಸ ಬಿಳಿಯದೇ. ಕೆಂಪು ವೈನಿನ ಬಣ್ಣವೂ, ನಾಲಿಗೆಯನ್ನು ಹಿಡಿಯುವ ಒಗರೂ ಬರೋದು ಸಿಪ್ಪೆ ಮತ್ತು ಬೀಜದಿಂದ, ರಸ ಸಿಪ್ಪೆಯ ಜೊತೆ ದಿನಗಟ್ಟಲೆ ಕೂತು ಹುಳಿ ಬರುವಾಗ. ಹಾಗಾಗಿ ಎರಡು ಕೆಂಪು ವೈನುಗಳನ್ನು ಪಕ್ಕಪಕ್ಕ ಇಟ್ಟರೆ ನಾವು ನಿಜಕ್ಕೂ ಹೋಲಿಸೋದು ಎರಡು ಸಿಪ್ಪೆಗಳ ಚರಿತ್ರೆಯನ್ನು. ಎಷ್ಟು ಬಿಸಿಲು ಬಿತ್ತು, ಯಾವಾಗ ಕೊಯ್ದರು, ಎಷ್ಟು ದಿನ ನೆನೆಸಿದರು, ಆಮೇಲೆ ಯಾವ ಪೀಪಾಯಿಯಲ್ಲಿ ಇಟ್ಟರು ಅನ್ನೋದೆಲ್ಲ ಅದರಲ್ಲಿ ಸೇರಿರ್ತದೆ.

ಈಗ ಬಹಳ ಹೆಸರಾದ ಒಂದು ಹೋಲಿಕೆಯ ಕಥೆಗೆ ಹೋಗೋಣ. 1976ರ ಮೇ 24, ಪ್ಯಾರಿಸ್. ಅಲ್ಲಿ ವೈನ್ ಅಂಗಡಿ ನಡೆಸುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಮತ್ತು ಅವರ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಗರ್ ಒಂದು ರುಚಿಪರೀಕ್ಷೆ ಏರ್ಪಡಿಸಿದರು. ಕೆಂಪು ವೈನಿನ ಸಾಲಿನಲ್ಲಿ ಹತ್ತು ಬಾಟಲಿ: ನಾಲ್ಕು ಫ್ರಾನ್ಸಿನ ಬೋರ್ಡೋ ಪ್ರದೇಶದವು, ಆರು ಕ್ಯಾಲಿಫೋರ್ನಿಯಾದವು. ಅಂಕಗಳಿಗೆ ಲೆಕ್ಕ ಹಿಡಿದದ್ದು ಒಂಬತ್ತು ಫ್ರೆಂಚ್ ತೀರ್ಪುಗಾರರದ್ದು. ಒಬ್ಬೊಬ್ಬರೂ 20ಕ್ಕೆ ಅಂಕ ಹಾಕಬೇಕು. ಯಾವ ಲೋಟದಲ್ಲಿ ಯಾವ ವೈನ್ ಅನ್ನೋದು ಗೊತ್ತಿಲ್ಲ.

ಫಲಿತಾಂಶ ಎಣಿಸಿದಾಗ ಮೊದಲು ಬಂದದ್ದು ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಸೋವಿನ್ಯೋಂ. ಎರಡನೆಯದು ಬೋರ್ಡೋದ ಮೂತೋಂ ರೋಥ್‌ಶೀಲ್ಡ್, 1970ರದು. ಮೂರು, ನಾಲ್ಕನೆಯವೂ ಬೋರ್ಡೋದವೇ. ಅಂದು ಅಲ್ಲಿದ್ದ ಪತ್ರಕರ್ತ ಒಬ್ಬರೇ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಅವರು ಬರೆದ ಸಣ್ಣ ವರದಿಯಿಂದ ಈ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ತೀರ್ಪುಗಾರರಲ್ಲೊಬ್ಬರು ತಮ್ಮ ಅಂಕಪಟ್ಟಿ ವಾಪಸ್ ಕೊಡಿ ಅಂತ ಕೇಳಿದರಂತೆ. ಪಾಪ, ಅವರ ಸಂಕಟ ಅರ್ಥ ಆಗ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ "ಕ್ಯಾಲಿಫೋರ್ನಿಯಾ ಫ್ರಾನ್ಸನ್ನು ಸೋಲಿಸಿತು" ಅಂತ ಹೇಳ್ತಾರೆ. ನಾನು ಇದನ್ನು ಬೇರೆ ಥರ ಓದಬೇಕು ಅಂತೀನಿ. ಮೊದಲ ಎರಡು ವೈನುಗಳ ನಡುವಿನ ಅಂತರ ನೋಡ್ರಿ. ಒಂಬತ್ತು ಜನರ ಅಂಕ ಕೂಡಿಸಿದರೆ 180ಕ್ಕೆ 127.5 ಮತ್ತು 126. ಒಬ್ಬೇ ಒಬ್ಬರು ಊಟ ಸರಿಯಾಗಿ ಮಾಡಿ ಬಂದಿದ್ದರೆ ಕ್ರಮ ತಿರುಗಿಬಿಡಬಹುದಿತ್ತು. ವೈನುಗಳ ವಯಸ್ಸೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದವು 1969ರಿಂದ 1973ರವರೆಗಿನವು, ಬೋರ್ಡೋದವು 1970 ಮತ್ತು 1971ರವು. ಬೋರ್ಡೋ ವೈನ್ ನಿಧಾನಕ್ಕೆ ಪಕ್ವವಾಗ್ತದೆ, ಇನ್ನೂ ಎಳೆಯದಿತ್ತು ಅಂತ ಫ್ರೆಂಚರು ವಾದಿಸಿದರು. ಅದಕ್ಕೆ ಉತ್ತರ ಎನ್ನುವ ಹಾಗೆ 2006ರಲ್ಲಿ, ಸರಿಯಾಗಿ ಮೂವತ್ತು ವರ್ಷಕ್ಕೆ, ಲಂಡನ್ ಮತ್ತು ನಾಪಾ ಎರಡೂ ಕಡೆ ಅದೇ ವೈನುಗಳನ್ನು ಮತ್ತೆ ರುಚಿ ನೋಡಿದರು. ಆವಾಗ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ್ದೇ ಆದ ರಿಜ್ ಮಾಂಟೆ ಬೆಲ್ಲೋ 1971. ಮೊದಲ ಐದು ಸ್ಥಾನವೂ ಕ್ಯಾಲಿಫೋರ್ನಿಯಾಕ್ಕೇ. ಎಳೆಯದು ಅನ್ನೋ ವಾದ ಅಲ್ಲಿಗೆ ಮುಗೀತು. ಆದರೆ 1976ರಲ್ಲಿ ಗೆದ್ದ ವೈನ್ ಮಾತ್ರ ಮತ್ತೆ ಮೊದಲು ಬರಲಿಲ್ಲ ಅನ್ನೋದನ್ನೂ ಗಮನಿಸಬೇಕು.

ನನಗೆ ಮುಖ್ಯ ಅನ್ನಿಸೋದು ಇನ್ನೊಂದು ಸಂಗತಿ. ಲೋಟದ ಹೆಸರು ಮುಚ್ಚಿದ್ದರು, ಸರಿ. ಕೋಲು ಮಾತ್ರ ಫ್ರಾನ್ಸಿನದೇ ಇತ್ತು. ತೀರ್ಪುಗಾರರು ಫ್ರೆಂಚರು. ದ್ರಾಕ್ಷಿ ಬೋರ್ಡೋದ ತಳಿ. ಕ್ಯಾಲಿಫೋರ್ನಿಯಾದವರೂ ಬೋರ್ಡೋದ ಮಾದರಿಯನ್ನೇ ಕಣ್ಣಮುಂದೆ ಇಟ್ಟುಕೊಂಡು ಮಾಡಿದ ವೈನುಗಳವು. ಅವರು ಗೆದ್ದದ್ದು ಎದುರಾಳಿಯ ಕೋಲಿನ ಮೇಲೆ. ಅದು ದೊಡ್ಡ ಗೆಲುವೇ. ಆದರೆ ಕ್ಯಾಲಿಫೋರ್ನಿಯಾದ ಮಣ್ಣು, ಬಿಸಿಲಿನಲ್ಲಿ ಬೇರೆ ಏನಿತ್ತು ಅನ್ನೋದನ್ನು ಆ ಪರೀಕ್ಷೆ ಕೇಳಲೇ ಇಲ್ಲ.

ಹಾಗಾದರೆ ಬೇರೆಬೇರೆ ಪ್ರದೇಶದ ವೈನುಗಳನ್ನು ಹೋಲಿಸೋದು ಹೇಗೆ? ಒಂದನ್ನು ಹಿಡಿದಿಡಬೇಕು, ಉಳಿದದ್ದನ್ನು ಬಿಡಬೇಕು. ಬೋರ್ಡೋದ ಕ್ಯಾಬರ್ನೆ, ಅರ್ಜೆಂಟೀನಾದ ಮೆಂಡೋಜಾದ ಮಾಲ್ಬೆಕ್, ಸ್ಪೇನಿನ ರಿಯೋಹಾದ ಟೆಂಪ್ರಾನಿಯೋ, ಈ ಮೂರನ್ನೂ ಸಾಲಾಗಿಟ್ಟು ರುಚಿ ನೋಡಿದರೆ ಮಜಾ ಬರ್ತದೆ ಖರೆ, ಕಲಿಯೋದು ಕಡಿಮೆ. ತಳಿ ಬೇರೆ, ಹವೆ ಬೇರೆ, ಪೀಪಾಯಿ ಬೇರೆ. ಯಾವ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳೋಕೆ ಆಗೋದಿಲ್ಲ.

ಒಂದೇ ತಳಿಯನ್ನು ಹಿಡಿದರೆ ಕೆಲಸ ಸುಲಭ. ಸಿರಾ ತಳಿಯ ಉದಾಹರಣೆ ತೊಗೊಳ್ರಿ, ನನಗೆ ಬಹಳ ಇಷ್ಟದ್ದು. ಇದರ ತವರು ಫ್ರಾನ್ಸಿನ ರೋನ್ ನದಿಯ ಕಣಿವೆ. ಪರ್ಷಿಯಾದ ಶಿರಾಜ್ ಪಟ್ಟಣದಿಂದ ಬಂತು ಅಂತ ಬಹಳ ದಿನ ಕಥೆ ಇತ್ತು. 1990ರ ದಶಕದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆ ಆ ಕಥೆಯನ್ನು ಮುಗಿಸಿತು. ಫ್ರಾನ್ಸಿನದೇ ಆದ ದ್ಯುರೇಜಾ ಮತ್ತು ಮೊಂದ್ಯೂಸ್ ಬ್ಲಾಂಶ್ ಎಂಬ ಎರಡು ತಳಿಗಳ ಕೂಸು ಇದು. 1832ರಲ್ಲಿ ಜೇಮ್ಸ್ ಬಸ್ಬಿ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಒಯ್ದ ಕಡ್ಡಿಗಳಲ್ಲಿ ಇದೂ ಇತ್ತು. ಅಲ್ಲಿ ಇದರ ಹೆಸರು ಶಿರಾಜ್ ಅಂತಲೇ ನಿಂತಿತು. ನಮ್ಮ ನಾಶಿಕದಲ್ಲೂ, ನಂದಿ ಬೆಟ್ಟದ ಕೆಳಗೂ ಶಿರಾಜ್ ಅಂತಲೇ ಕರೀತಾರೆ.

ಈಗ ಉತ್ತರ ರೋನ್‌ನ ಒಂದು ಸಿರಾ, ದಕ್ಷಿಣ ಆಸ್ಟ್ರೇಲಿಯಾದ ಬರೋಸ ಕಣಿವೆಯ ಒಂದು ಶಿರಾಜ್, ಎರಡನ್ನೂ ಎರಡು ಲೋಟಕ್ಕೆ ಹಾಕ್ರಿ. ತಳಿ ಒಂದೇ, ಆದರೆ ಅಣ್ಣತಮ್ಮಂದಿರು ಅಂತ ಹೇಳಿದರೂ ನಂಬೋದು ಕಷ್ಟ. ರೋನ್‌ನದು ಹುಳಿ ಎದ್ದು ಕಾಣುವ, ಮೈ ತೆಳುವಿನ, ಮದ್ಯಾಂಶ ಸುಮಾರು 13 ಪ್ರತಿಶತದ ವೈನ್. ಬರೋಸದ್ದು ದಪ್ಪ, ಕಪ್ಪು, ಹಣ್ಣಿನ ಪಾಕದ ಹಾಗೆ, ಮದ್ಯಾಂಶ 14.5 ದಾಟೋದು ಸಾಮಾನ್ಯ. ಕಾರಣ ಬಿಸಿಲು. ಬೆಚ್ಚನೆ ಪ್ರದೇಶದಲ್ಲಿ ಹಣ್ಣಿನಲ್ಲಿ ಸಕ್ಕರೆ ಬೇಗ ಏರ್ತದೆ, ಆ ಸಕ್ಕರೆಯೇ ಆಮೇಲೆ ಮದ್ಯ ಆಗ್ತದೆ. ಅದೇ ಹೊತ್ತಿಗೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲವನ್ನು ಗಿಡವೇ ಸುಟ್ಟುಹಾಕ್ತದೆ, ಬಿಸಿ ಹೆಚ್ಚಿದಷ್ಟೂ ಹುಳಿ ಕಡಿಮೆ.

ಇನ್ನೊಂದು ವ್ಯತ್ಯಾಸ ಮೂಗಿಗೆ ಸಿಗ್ತದೆ. ತಂಪು ಪ್ರದೇಶದ ಸಿರಾದಲ್ಲಿ ಕರಿಮೆಣಸಿನ ವಾಸನೆ ಬರ್ತದೆ. ಇದು ಬರೀ ಉಪಮೆ ಅಂತ ಬಹಳ ದಿನ ಅಂದುಕೊಂಡಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಆ ವಾಸನೆಯ ರಾಸಾಯನಿಕವನ್ನು ಹಿಡಿದರು. ಹೆಸರು ರೊಟಂಡೋನ್. ನಿಜವಾದ ಕರಿಮೆಣಸಿಗೆ ಅದರ ವಾಸನೆ ಕೊಡೋದೂ ಇದೇ ವಸ್ತು. ಅಂದ್ರೆ "ಮೆಣಸಿನ ಹಾಗೆ" ಅನ್ನೋದು ಬೇಡ, ಮೆಣಸಿನದೇ ವಾಸನೆ ಅದು. ವಯನಾಡಿನ ಗೆಳೆಯರಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತಾಗಬೇಕು. ಒಂದು ತಮಾಷೆಯೂ ಇದೆ: ಸುಮಾರು ಐದರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆಯೇ ಬರೋದಿಲ್ಲ, ಎಷ್ಟು ಹಾಕಿದರೂ. ಒಂದೇ ಮೇಜಿಗೆ ಕೂತ ಇಬ್ಬರು ಒಂದೇ ಲೋಟದ ಬಗ್ಗೆ ಜಗಳ ಆಡಿದರೆ ಇಬ್ಬರೂ ಸತ್ಯ ಹೇಳ್ತಿರಬಹುದು.

ತಳಿ ಹಿಡಿದಿಟ್ಟರೂ ಸಾಲದು, ಪೀಪಾಯಿ ಮೋಸ ಮಾಡ್ತದೆ. ಓಕ್ ಮರದ ಪೀಪಾಯಿಯಲ್ಲಿ ಅಮೆರಿಕದ ಓಕ್ ಒಂದು, ಫ್ರೆಂಚ್ ಓಕ್ ಒಂದು. ಅಮೆರಿಕದ ಓಕ್‌ನಲ್ಲಿ ಲ್ಯಾಕ್ಟೋನ್ ಅನ್ನೋ ವಸ್ತು ಜಾಸ್ತಿ. ಅದರ ವಾಸನೆ ಒಣಕೊಬ್ಬರಿಯದು. ನಮ್ಮ ಕಡೆ ಯಾರಿಗೆ ಕೊಟ್ಟರೂ ಮೊದಲು ಹೇಳೋದು ಕೊಬ್ಬರಿ ಅಂತಲೇ. ಬರೋಸದವರು ಹಿಂದಿನಿಂದಲೂ ಅಮೆರಿಕದ ಓಕ್ ಬಳಸಿದರು, ಅತ್ತ ಸ್ಪೇನಿನ ರಿಯೋಹಾದ ಹಳೇ ಪದ್ಧತಿಯವರೂ ಅದನ್ನೇ ಬಳಸಿದರು. ಹಾಗಾಗಿ ಭೂಮಿಯ ಎರಡು ತುದಿಯ, ಎರಡು ಬೇರೆ ತಳಿಯ ವೈನುಗಳು ಪಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ನೆಂಟರ ಹಾಗೆ ಕಾಣ್ತವೆ. ನೆಂಟಸ್ತನ ಮಣ್ಣಿನದಲ್ಲ, ಮರದ್ದು. "ಈ ವೈನಿನಲ್ಲಿ ಅಲ್ಲಿಯ ಮಣ್ಣಿನ ಗುಣ ಇದೆ" ಅಂತ ಯಾರಾದರೂ ಹೇಳಿದರೆ, ಪೀಪಾಯಿ ಯಾವುದು ಅಂತ ನಾನು ಮೊದಲು ಕೇಳ್ತೀನಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಸಾಂಜಿಯೋವೇಸೆ ಇಟಲಿಯ ಟಸ್ಕನಿಯ ಮುಖ್ಯ ತಳಿ. ಕಿಯಾಂಟಿ ಕ್ಲಾಸಿಕೋ ಅಂತ ಚೀಟಿ ಅಂಟಿಸಬೇಕಾದರೆ ಕನಿಷ್ಠ 80 ಪ್ರತಿಶತ ಇದೇ ದ್ರಾಕ್ಷಿ ಇರಬೇಕು, ಬ್ರುನೆಲ್ಲೋ ದಿ ಮೊಂತಾಲ್ಚಿನೋ ಆದರೆ ಪೂರಾ ಇದೇ. ಅಕಲೂಜದಲ್ಲಿ ಫ್ರಟೆಲ್ಲಿಯವರು ಇದೇ ತಳಿ ಬೆಳೆದರು. ಅವರ ವೈನ್ ತಜ್ಞ ಪಿಯೆರೋ ಮಾಸಿ ಟಸ್ಕನಿಯವರೇ. ಅವರ ಸೆಟ್ಟೆ ಅನ್ನೋ ಕೆಂಪು ವೈನಿನಲ್ಲಿ ಸಾಂಜಿಯೋವೇಸೆ, ಕ್ಯಾಬರ್ನೆ ಎರಡೂ ಕೂಡಿವೆ. ತಳಿ ಒಂದೇ, ಕೈಯೂ ಅದೇ ನಾಡಿನದು. ಹೋಲಿಕೆಗೆ ಇದಕ್ಕಿಂತ ಚಲೋ ಜೋಡಿ ಸಿಗೋದು ಕಷ್ಟ.

ಆದರೆ ವರ್ಷದ ಚಕ್ರ ನೋಡ್ರಿ. ಟಸ್ಕನಿಯಲ್ಲಿ ಬಳ್ಳಿ ಚಳಿಗಾಲ ಪೂರಾ ಎಲೆ ಉದುರಿಸಿ ಮಲಗ್ತದೆ, ವಸಂತದಲ್ಲಿ ಚಿಗುರ್ತದೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕೊಯ್ಲು. ನಮ್ಮಲ್ಲಿ ಬಳ್ಳಿ ಮಲಗೋದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಚಾಟ್ನಿ: ಎಪ್ರಿಲ್ ಸುಮಾರಿಗೆ ಒಂದು, ಕಡ್ಡಿ ತಯಾರು ಮಾಡೋದಕ್ಕೆ; ಮಳೆಗಾಲ ಮುಗಿಯೋ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು, ಹಣ್ಣಿಗೆ. ಕೊಯ್ಲು ಫೆಬ್ರವರಿ ಮಾರ್ಚ್. ದ್ರಾಕ್ಷಿ ಮನೆಯವರಿಗೆ ಇದು ಹೊಸದಲ್ಲ. ಇದರ ಅರ್ಥ ಏನಾಗ್ತದೆ ಅಂದ್ರೆ, ಟಸ್ಕನಿಯ ಹಣ್ಣು ಬೇಸಿಗೆಯ ಬಿಸಿಯಿಂದ ಶರತ್ಕಾಲದ ತಂಪಿನ ಕಡೆ ನಡೆಯುತ್ತ ಮಾಗ್ತದೆ. ನಮ್ಮ ಹಣ್ಣು ಜನವರಿಯ ತಂಪಿನಿಂದ ಮಾರ್ಚಿನ ಬಿಸಿಯ ಕಡೆ ನಡೆಯುತ್ತ ಮಾಗ್ತದೆ. ದಾರಿ ಒಂದೇ, ದಿಕ್ಕು ಉಲ್ಟಾ. ಅಲ್ಲಿ ಕೊಯ್ಲು ಒಂದು ವಾರ ತಡ ಆದರೆ ರಾತ್ರಿಯ ತಂಪು ಹುಳಿಯನ್ನು ಕಾಯ್ತದೆ, ಮಳೆ ಬಂದರೆ ಮಾತ್ರ ಕಷ್ಟ. ಇಲ್ಲಿ ಒಂದು ವಾರ ತಡ ಆದರೆ ಹುಳಿ ಕೈಬಿಟ್ಟು ಹೋಗ್ತದೆ. ಹಗಲಿನ ಉದ್ದವೂ ಬೇರೆ. ಜೂನಿನಲ್ಲಿ ಟಸ್ಕನಿಯ ಹಗಲು 15 ತಾಸು, ಡಿಸೆಂಬರಿನಲ್ಲಿ ನಮ್ಮ ಹಗಲು 11 ತಾಸು.

ಇಲ್ಲೇ ಅಳತೆಗೋಲಿನ ಪ್ರಶ್ನೆ ಬಹಳ ಸ್ಪಷ್ಟವಾಗಿ ಬರ್ತದೆ. ದ್ರಾಕ್ಷಿ ಪ್ರದೇಶಗಳನ್ನು ವರ್ಗ ಮಾಡೋಕೆ ಜಗತ್ತಿನಲ್ಲೆಲ್ಲ ಬಳಸೋದು ವಿಂಕ್ಲರ್ ಮಾಪನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿನ್ ಮತ್ತು ವಿಂಕ್ಲರ್ 1944ರಲ್ಲಿ ಪ್ರಕಟಿಸಿದ್ದು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಳ್ಳಿ ಬೆಳೆಯೋದಿಲ್ಲ ಅಂತ ಹಿಡಿದು, ಎಪ್ರಿಲ್ ಒಂದರಿಂದ ಅಕ್ಟೋಬರ್ ಕೊನೆಯವರೆಗೆ ಪ್ರತಿದಿನದ ಸರಾಸರಿ ತಾಪಮಾನದಲ್ಲಿ 10 ಕಳೆದು, ಉಳಿದದ್ದನ್ನು ಕೂಡಿಸ್ತಾರೆ. ಆ ಮೊತ್ತದ ಪ್ರಕಾರ ಒಂದರಿಂದ ಐದರವರೆಗೆ ವರ್ಗ. ದಕ್ಷಿಣಾರ್ಧ ಗೋಳಕ್ಕೆ ತಿಂಗಳನ್ನು ಅಕ್ಟೋಬರಿನಿಂದ ಎಪ್ರಿಲ್‌ಗೆ ತಿರುಗಿಸ್ತಾರೆ, ಸಾಕಾಗ್ತದೆ. ಸೊಲ್ಲಾಪುರಕ್ಕೆ? ಎಪ್ರಿಲ್‌ನಿಂದ ಅಕ್ಟೋಬರ್ ತನಕ ನಮ್ಮ ಬಳ್ಳಿಯ ಮೇಲೆ ವೈನಿನ ಹಣ್ಣೇ ಇರೋದಿಲ್ಲ. ಮೇ ತಿಂಗಳ 40 ಡಿಗ್ರಿಯನ್ನು ಲೆಕ್ಕಕ್ಕೆ ಹಾಕಿ "ಇದು ಐದನೇ ವರ್ಗಕ್ಕಿಂತ ಆಚೆ, ಇಲ್ಲಿ ಚಲೋ ವೈನ್ ಆಗೋದಿಲ್ಲ" ಅಂದರೆ, ಹಣ್ಣು ನೋಡದ ಬಿಸಿಲಿಗೆ ಹಣ್ಣನ್ನು ಹೊಣೆ ಮಾಡಿದ ಹಾಗೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಲೆಕ್ಕ ಹಾಕಿದರೂ ನಮ್ಮದು ಬೆಚ್ಚನೆ ಪ್ರದೇಶವೇ, ಅದನ್ನು ನಾನು ಮುಚ್ಚಿಡೋದಿಲ್ಲ. ಆದರೆ ಅದು ಬೇರೆ ಥರದ ಬೆಚ್ಚಗೆ. ಲೆಕ್ಕ ಎಲ್ಲಿಂದ ಶುರು ಮಾಡ್ತೀರಿ ಅನ್ನೋದರ ಮೇಲೆ ಊರಿನ ಯೋಗ್ಯತೆ ನಿಂತಿದೆ ಅನ್ನೋದನ್ನು ಭೂಗೋಳದ ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಮೇಜಿನ ಮೇಲಿನ ಕೆಲಸ. ಪಕ್ಕಪಕ್ಕ ರುಚಿ ನೋಡೋದು ಅಂದರೆ ಕುಡಿಯೋದಲ್ಲ, ಉಗುಳೋದು. ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ ಸ್ವಲ್ಪ ಸಮಾಧಾನ ಆಯ್ತು. ಎಲ್ಲ ಲೋಟ ಒಂದೇ ಆಕಾರದವು ಬೇಕು, ಎಲ್ಲಕ್ಕೂ ಒಂದೇ ಅಳತೆ ಹಾಕಬೇಕು, ಬಾಟಲಿಗೆ ಬಟ್ಟೆ ಸುತ್ತಬೇಕು, ಹಾಕಿದವರು ರುಚಿ ನೋಡಬಾರದು. ತಾಪಮಾನದಲ್ಲಿ ಬಹಳ ಜನ ಎಡವ್ತಾರೆ. ಕೆಂಪು ವೈನನ್ನು "ಕೋಣೆಯ ತಾಪಮಾನದಲ್ಲಿ" ಕೊಡಿ ಅಂತ ಪುಸ್ತಕದಲ್ಲಿ ಇರ್ತದೆ. ಅದು ಯುರೋಪಿನ ಹಳೇ ಕಲ್ಲುಮನೆಯ ಕೋಣೆ, 16ರಿಂದ 18 ಡಿಗ್ರಿ. ಎಪ್ರಿಲ್‌ನಲ್ಲಿ ಸೊಲ್ಲಾಪುರದ ಕೋಣೆಯಲ್ಲಿಟ್ಟರೆ ಮದ್ಯದ ಘಾಟು ಮೂಗಿಗೆ ಹೊಡೆದು ಬೇರೇನೂ ಗೊತ್ತಾಗೋದಿಲ್ಲ. ಮೊದಲು ಅರ್ಧ ತಾಸು ಫ್ರಿಜ್ಜಿನಲ್ಲಿ ಇಡ್ರಿ.

ಒಗರಿನ ಸ್ವಭಾವ ತಿಳಿದಿರಬೇಕು. ವೈನಿನ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನುಗಳನ್ನು ಹಿಡಿದು ಗಂಟು ಹಾಕ್ತದೆ, ಬಾಯಿಯ ನುಣುಪು ಹೋಗ್ತದೆ. ಎರಡನೇ ಗುಟುಕಿಗೆ, ಮೂರನೇ ಗುಟುಕಿಗೆ ಅದು ಕೂಡುತ್ತ ಹೋಗ್ತದೆ. ಅದಕ್ಕೇ ಸಾಲಿನ ಕೊನೆಯ ವೈನ್ ಯಾವಾಗಲೂ ಇದ್ದದ್ದಕ್ಕಿಂತ ಹೆಚ್ಚು ಒಗರು ಅನ್ನಿಸ್ತದೆ. ದಪ್ಪ ಬರೋಸ ಶಿರಾಜ್ ಆದ ಮೇಲೆ ತೆಳು ಕಿಯಾಂಟಿ ಕುಡಿದರೆ ಕಿಯಾಂಟಿ ನೀರು ಅನ್ನಿಸ್ತದೆ, ತಪ್ಪು ಕಿಯಾಂಟಿಯದಲ್ಲ. ಒಂದು ಸಲ ಎಡದಿಂದ ಬಲಕ್ಕೆ, ಇನ್ನೊಂದು ಸಲ ಬಲದಿಂದ ಎಡಕ್ಕೆ ನೋಡಬೇಕು. ನಡುನಡುವೆ ನೀರು, ಸಪ್ಪನೆಯ ಬ್ರೆಡ್ ಅಂತಾರೆ. ನಾನು ಜೋಳದ ರೊಟ್ಟಿ ಇಡ್ತೀನಿ, ಉಪ್ಪು ಇರೋದಿಲ್ಲ, ಚಲೋ ಕೆಲಸ ಮಾಡ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ನಾಲಿಗೆ ನಂಬಿಗಸ್ತ ಸಾಕ್ಷಿ ಅಲ್ಲ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಹಳ ಪ್ರಸಿದ್ಧ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಿಂದಲೇ ವರ್ಣಿಸಿದರು. ಮೊರೋ, ಬ್ರೋಶೆ ಮತ್ತು ದ್ಯುಬೂರ್ದಿಯೋ ಮಾಡಿದ ಪ್ರಯೋಗ ಅದು. ಇನ್ನೊಂದು, ರಾಬರ್ಟ್ ಹಾಡ್ಜ್‌ಸನ್ ಅವರದು, 2008ರಲ್ಲಿ ಪ್ರಕಟವಾದದ್ದು. ಕ್ಯಾಲಿಫೋರ್ನಿಯಾದ ರಾಜ್ಯಮೇಳದ ಸ್ಪರ್ಧೆಯಲ್ಲಿ ಅನುಭವಸ್ಥ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಅವರಿಗೆ ತಿಳಿಯದ ಹಾಗೆ ಮೂರು ಸಲ ಕೊಟ್ಟರು. ಮೂರೂ ಸಲ ಅದಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟದ ಪದಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ.

ಇದನ್ನು ಕೇಳಿ "ಹಂಗಾದ್ರ ಎಲ್ಲಾ ಬುರುಡೆ" ಅನ್ನೋರಿದ್ದಾರೆ. ನಾನು ಒಪ್ಪೋದಿಲ್ಲ. ಈ ಪ್ರಯೋಗಗಳು ಅಲ್ಲಾಡಿಸೋದು ಅಂಕವನ್ನು, ಮೊದಲ ಬಹುಮಾನ ಎರಡನೇ ಬಹುಮಾನವನ್ನು. ಒಂದು ಲೋಟದಲ್ಲಿ ಹುಳಿ ಜಾಸ್ತಿ, ಇನ್ನೊಂದರಲ್ಲಿ ಕೊಬ್ಬರಿ ವಾಸನೆ ಇದೆ ಅನ್ನೋ ವ್ಯತ್ಯಾಸ, ಪಕ್ಕಪಕ್ಕ ಇಟ್ಟಾಗ, ಅಷ್ಟು ಸುಲಭವಾಗಿ ಅಲ್ಲಾಡೋದಿಲ್ಲ. ನಾಲಿಗೆ ಅಂಕ ಹಾಕೋದರಲ್ಲಿ ದಡ್ಡ, ಜೋಡಿಯಲ್ಲಿ ಭೇದ ಹೇಳೋದರಲ್ಲಿ ಸಾಕಷ್ಟು ಜಾಣ. ದುಡ್ಡು, ಪದಕ, ಚೀಟಿ ಎಲ್ಲ ನಾಲಿಗೆ ದಡ್ಡ ಇರುವ ಕಡೆಯೇ ಕೂತಿವೆ ಅನ್ನೋದೇ ತೊಂದರೆ.

ಕೊನೆಗೆ ಮಾತಿನ ವಿಷಯ. ಡೇವಿಸ್‌ನ ಆನ್ ನೋಬಲ್ 1980ರ ದಶಕದಲ್ಲಿ ವಾಸನೆಯ ಚಕ್ರ ಅಂತ ಒಂದು ಮಾಡಿದರು. "ಸೊಗಸಾದ", "ಗಂಭೀರ" ಅನ್ನೋ ಹಾಡಿಹೊಗಳುವ ಮಾತು ಬಿಟ್ಟು, ಎಲ್ಲರೂ ಮೂಸಿ ನೋಡಬಹುದಾದ ವಸ್ತುಗಳ ಹೆಸರನ್ನೇ ಬಳಸಬೇಕು ಅನ್ನೋದು ಅವರ ವಿಚಾರ. ಬಹಳ ಒಳ್ಳೇ ವಿಚಾರ. ಆದರೆ ಆ ಚಕ್ರದ ಹಣ್ಣುಗಳು ಅಲ್ಲಿಯವು. ಕ್ಯಾಬರ್ನೆಗೆ ಬ್ಲ್ಯಾಕ್‌ಕರಂಟ್ ಅಂತ ಎಲ್ಲ ಪುಸ್ತಕದಲ್ಲೂ ಇದೆ. ನಾನು ಆ ಹಣ್ಣನ್ನು ಕಂಡಿಲ್ಲ, ಆ ಹೆಸರಿನ ಐಸ್‌ಕ್ರೀಮ್ ಮಾತ್ರ ತಿಂದಿದ್ದೀನಿ. ಕಂಡಿಲ್ಲದ ಹಣ್ಣಿನ ಹೆಸರು ಹೇಳಿ ಪಾಸಾಗೋದು ರುಚಿ ನೋಡಿದ ಹಾಗಲ್ಲ, ಬಾಯಿಪಾಠ. ನೋಬಲ್ ಅವರ ವಿಚಾರಕ್ಕೆ ನಿಷ್ಠರಾಗಿರಬೇಕು ಅಂದ್ರೆ ನಮ್ಮ ಚಕ್ರದಲ್ಲಿ ನೇರಳೆ, ಕವಳಿ ಹಣ್ಣು, ಬಾರಿ ಹಣ್ಣು, ಅಂಜೂರ, ಉತ್ತತ್ತಿ, ಹಳೇ ಹುಣಸೆ, ಬೆಲ್ಲದ ಪಾಕ ಇರಬೇಕು. ನೇರಳೆ ಬ್ಲ್ಯಾಕ್‌ಕರಂಟ್‌ನ ಅನುವಾದ ಅಲ್ಲ, ಅದಕ್ಕೆ ಅದರದೇ ಒಗರಿದೆ. ಅನುವಾದ ಮಾಡೋದಲ್ಲ, ಬೇರೆ ವಸ್ತುವಿನಿಂದ ಅಳೆಯೋದು.

ಒಗರು ಅನ್ನೋ ಶಬ್ದವನ್ನೇ ನೋಡ್ರಿ. ಇಂಗ್ಲಿಷಿನಲ್ಲಿ ವೈನ್ ಕಲಿಯೋರು ಕಹಿ ಮತ್ತು ಒಗರನ್ನು ಬೇರೆ ಮಾಡೋಕೆ ವಾರಗಟ್ಟಲೆ ತಿಣುಕ್ತಾರೆ, ಎರಡಕ್ಕೂ ದಿನಬಳಕೆಯ ಬಾಯಲ್ಲಿ ಕಹಿ ಅಂತಲೇ ಅಂದುಬಿಡ್ತಾರೆ. ನಮ್ಮಲ್ಲಿ ಷಡ್ರಸದ ಎಣಿಕೆಯಲ್ಲೇ ಎರಡೂ ಬೇರೆಬೇರೆ. ಒಮ್ಮೆ ಅಕಲೂಜದ ವೈನು, ಟಸ್ಕನಿಯ ವೈನು ಎರಡನ್ನೂ ಬಟ್ಟೆ ಸುತ್ತಿ ನಮ್ಮ ಕಾಕಾನ ಮುಂದೆ ಇಟ್ಟಿದ್ದೆ. ನಲವತ್ತು ವರ್ಷ ದ್ರಾಕ್ಷಿ ಬೆಳೆದವನು, ವೈನ್ ಮುಟ್ಟಿದವನಲ್ಲ. ಬಾಯಲ್ಲಿ ತಿರುಗಿಸಿ ಉಗುಳಿ ಹೇಳಿದ: "ಇದು ಕಹಿ ಅಲ್ಲ, ವಗರ. ಎಳೀ ಬಾಳೆಕಾಯಿ ವಗರ. ಅದು ವಗರ ಕಡಿಮಿ, ಹಣ್ಣ ಜಾಸ್ತಿ ಬಲತೈತಿ." ಮೊದಲನೆಯದು ಟಸ್ಕನಿಯದು, ಎರಡನೆಯದು ನಮ್ಮದು. ಯಾವುದು ಚಲೋ ಅಂತ ಕೇಳಿದೆ. "ಎದಕ್ಕ ಚಲೋ?" ಅಂದ.

ಪ್ರಶ್ನೋತ್ತರದಿಂದ ಎರಡು ಪ್ರಶ್ನೆಗಳು:

ಒಬ್ಬ ಅಧ್ಯಾಪಕರು: ಎಲ್ಲವೂ ಕೋಲಿನ ಮಾತಾದರೆ ಒಳ್ಳೇದು ಕೆಟ್ಟದ್ದು ಅನ್ನೋದೇ ಇಲ್ಲವಾ? ನಮ್ಮ ಊರಿನದ್ದು ಅಂತ ಏನು ಕೊಟ್ಟರೂ ಒಪ್ಪಬೇಕಾ?

ಉತ್ತರ: ಖಂಡಿತ ಇಲ್ಲ ಸರ್. ಕೆಟ್ಟದ್ದು ಎಲ್ಲ ಕಡೆಯೂ ಕೆಟ್ಟದ್ದೇ. ಬಿರಡೆಯಿಂದ ಬರುವ ಟಿಸಿಎ ಅನ್ನೋ ವಸ್ತು ವೈನಿಗೆ ಒದ್ದೆ ರಟ್ಟಿನ ವಾಸನೆ ಕೊಡ್ತದೆ. ಗಾಳಿ ತಾಗಿದರೆ ಬಣ್ಣ ಕಂದು ಆಗಿ ಸತ್ತ ರುಚಿ ಬರ್ತದೆ. ಅಸಿಟಿಕ್ ಆಮ್ಲ ಏರಿದರೆ ಅದು ವೈನಲ್ಲ, ಸಿರ್ಕಾ. ಇವಕ್ಕೆ ಯಾವ ದೇಶದ ರಿಯಾಯಿತಿಯೂ ಇಲ್ಲ. ನಮ್ಮ ಬಿಸಿ ನಾಡಿನಲ್ಲಿ ಸಾಗಾಣಿಕೆ, ದಾಸ್ತಾನಿನಲ್ಲಿ ವೈನ್ ಬೇಯೋದು ದೊಡ್ಡ ದೋಷ, ಅದನ್ನು ನಾವೇ ಮೊದಲು ಹೇಳಬೇಕು. ದೋಷ ಇಲ್ಲದ ಎರಡು ವೈನುಗಳು ಎದುರಿಗಿದ್ದಾಗ ಯಾವುದು ಮೇಲು ಅನ್ನೋ ಪ್ರಶ್ನೆಗೆ ಮಾತ್ರ ಕೋಲು ಯಾವುದು ಅಂತ ಕೇಳಬೇಕು ಅನ್ನೋದು ನನ್ನ ವಾದ.

ವಯನಾಡಿನ ವಿದ್ಯಾರ್ಥಿನಿ: ಇದನ್ನೆಲ್ಲ ನೋಡಬೇಕು ಅಂದ್ರೆ ದುಬಾರಿ ಬಾಟಲಿ ಬೇಕಲ್ವಾ?

ಉತ್ತರ: ವೈನ್ ಬೇಡ, ಮೊದಲು ಚಹಾದಿಂದ ಶುರು ಮಾಡಬಹುದು. ನೀಲಗಿರಿ ಚಹಾಪುಡಿ ಒಂದೇ ಡಬ್ಬಿಯದು, ಹಾಲು ಸಕ್ಕರೆ ಇಲ್ಲದೆ, ಮೂರು ಲೋಟ. ಒಂದು ಎರಡು ನಿಮಿಷ ನೆನೆಸಿದ್ದು, ಒಂದು ಐದು ನಿಮಿಷ, ಒಂದು ಹತ್ತು ನಿಮಿಷ. ಒಗರು ಹೇಗೆ ಏರ್ತದೆ, ಕಹಿ ಎಲ್ಲಿ ಸೇರಿಕೊಳ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಯಾರಾದರೂ ಲೋಟಗಳ ಜಾಗ ಬದಲಿಸಲಿ, ನೀವು ಕಣ್ಣು ಮುಚ್ಚಿ ಗುರುತು ಹಿಡೀರಿ. ಅದಾದ ಮೇಲೆ ಎರಡು ಶಿರಾಜ್, ಒಂದು ನಾಶಿಕದ್ದು, ಒಂದು ಹೊರಗಿನದು, ನಾಲ್ಕು ಜನ ದುಡ್ಡು ಕೂಡಿಸಿದರೆ ಆಗ್ತದೆ. ನಿಮ್ಮ ಮನೆಯ ಮೆಣಸು ನಾಲ್ಕು ಕಾಳು ಕುಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೊದಲು ಅದನ್ನು ಮೂಸಿ, ಆಮೇಲೆ ಲೋಟಕ್ಕೆ ಮೂಗು ಹಾಕಿ.